ಪ್ರತ್ಯೇಕ ರಾಜ್ಯದ ಪ್ರಸ್ತಾಪ: ಜನರನ್ನು ಕೇಳಿದವರಾರು?

ಉತ್ತರ ಕರ್ನಾಟಕವು ಪ್ರತ್ಯೇಕ ರಾಜ್ಯವಾಗಬೇಕೆಂಬ ಬೇಡಿಕೆ ಕೆಲವು ವರ್ಷಗಳಿಗೊಮ್ಮೆ ತಲೆ ಎತ್ತಿ ಮತ್ತೆ ತಣ್ಣಗಾಗುತ್ತದೆ. 2018ರ ಜುಲೈ ತಿಂಗಳಲ್ಲಿ ಅಂದಿನ ಮುಖ್ಯಮಂತ್ರಿ ಹೆಚ್.ಡಿ. ಕುಮಾರಸ್ವಾಮಿಯವರ ಮುಂಗಡಪತ್ರದಲ್ಲಿ ಈ ಭಾಗಕ್ಕೆ ಅನ್ಯಾಯವಾಯಿತೆಂಬ ಅಸಮಾಧಾನ ಹಬ್ಬಿ, ಆಗಸ್ಟ್ 2ರಂದು ಬಂದ್‌ಗೆ ಕರೆ ನೀಡಲಾಯಿತು. ಆದರೆ ಬಂದ್‌ಗೆ ದೊರೆತದ್ದು ನೀರಸ ಪ್ರತಿಕ್ರಿಯೆ. 2022ರ ಜೂನ್‌ನಲ್ಲಿ ಸಚಿವರಾಗಿದ್ದ ದಿವಂಗತ ಉಮೇಶ ಕತ್ತಿಯವರು ಲೋಕಸಭಾ ಚುನಾವಣೆಯ ನಂತರ ಕರ್ನಾಟಕವು ಎರಡು ರಾಜ್ಯವಾಗಲಿದೆ ಎಂದಾಗ, ಅಂತಹ ಪ್ರಸ್ತಾಪ ಸರ್ಕಾರದ ಮುಂದಿಲ್ಲವೆಂದು ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಸ್ಪಷ್ಟಪಡಿಸಬೇಕಾಯಿತು.

ಈ ಭಾಗದ ಕುಂದುಕೊರತೆ ಸುಳ್ಳೆಂದು ಯಾರೂ ಹೇಳಲಾರರು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವೆಂದು ಗುರುತಿಸಿತ್ತು; ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗಾ ವಿಭಾಗಕ್ಕೆ ಸೇರಿದ್ದವು. ಅದೇ ಪಟ್ಟಿಯಲ್ಲಿ ಬೆಳಗಾವಿ ವಿಭಾಗದ ಪಾಲು 5 ಮಾತ್ರ. ಪ್ರತ್ಯೇಕ ರಾಜ್ಯದ ಪರವಾಗಿ ಮಾತನಾಡುವವರು ಮೊದಲ ಅಂಕಿಯನ್ನು ಉಲ್ಲೇಖಿಸಿ ಎರಡನೆಯದನ್ನು ಬಿಟ್ಟುಬಿಡುವುದೇ ಹೆಚ್ಚು. ರಾಜಧಾನಿ ಬೆಂಗಳೂರಿನಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಹೋದ ಮಾತ್ರಕ್ಕೆ ಸಿಂಧನೂರು ತಾಲ್ಲೂಕಿನ ಜವಳಗೇರಾ ಅದಕ್ಕೆ ಹತ್ತಿರವಾಗುವುದಿಲ್ಲ. ರಾಯಚೂರು ಸೀಮೆಯಲ್ಲಿ ಈ ಬೇಡಿಕೆಗೆ ಬಲ ಸಿಗದಿರಲು ಇದೂ ಒಂದು ಕಾರಣ.

ಜನಬೆಂಬಲವಿಲ್ಲವೆಂದ ಮೇಲೆ ಚಿಂತೆಯೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಸಂವಿಧಾನದ 3ನೆಯ ವಿಧಿಯಲ್ಲಿದೆ. ಹೊಸ ರಾಜ್ಯವನ್ನು ರಚಿಸುವ ಅಧಿಕಾರ ಸಂಸತ್ತಿನದು. ಅದಕ್ಕೆ ಸಾಮಾನ್ಯ ಬಹುಮತ ಸಾಕು. ರಾಷ್ಟ್ರಪತಿಯವರು ವಿಧೇಯಕವನ್ನು ಸಂಬಂಧಪಟ್ಟ ರಾಜ್ಯದ ಶಾಸನಸಭೆಗೆ ಕಳುಹಿಸಿ ನಿಗದಿತ ಅವಧಿಯೊಳಗೆ ಅಭಿಪ್ರಾಯ ಕೇಳಬೇಕು. ಕೇಳಬೇಕು, ಅಷ್ಟೆ, ಒಪ್ಪಬೇಕೆಂದಿಲ್ಲ. ಬಾಬುಲಾಲ್ ಪರಾಟೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಅಭಿಪ್ರಾಯಕ್ಕೆ ಸಂಸತ್ತು ಬದ್ಧವಲ್ಲವೆಂದು ಸ್ಪಷ್ಟಪಡಿಸಿದೆ. ಮತದಾರರನ್ನು ನೇರವಾಗಿ ಕೇಳುವ ಮಾತಂತೂ ಈ ವಿಧಿಯಲ್ಲಿ ಎಲ್ಲಿಯೂ ಇಲ್ಲ.

ಇದರ ಪ್ರತ್ಯಕ್ಷ ನಿದರ್ಶನ ರಾಯಚೂರಿನ ಮಗ್ಗುಲಲ್ಲೇ ಇದೆ. ಆಂಧ್ರಪ್ರದೇಶದ ವಿಧಾನಸಭೆಯು 2014ರ ಜನವರಿಯಲ್ಲಿ ವಿಭಜನೆಯ ವಿಧೇಯಕವನ್ನು ತಿರಸ್ಕರಿಸಿತು. ಫೆಬ್ರುವರಿಯಲ್ಲಿ ಸಂಸತ್ತು ಅದನ್ನು ಅಂಗೀಕರಿಸಿತು. ಜೂನ್ 2ರಂದು ತೆಲಂಗಾಣ ಉದಯಿಸಿತು. ತೆಲಂಗಾಣದೊಳಗೆ ಆ ಬೇಡಿಕೆಗೆ ದಶಕಗಳ ಜನಚಳವಳಿಯ ಬೆಂಬಲವಿತ್ತು ಎಂಬುದನ್ನು ಮರೆಯುವಂತಿಲ್ಲ. ಅಂತಹ ಬೆಂಬಲವಿಲ್ಲದ ಕಡೆಯೂ ಕಾನೂನಿನ ದಾರಿ ಅದೇ ಆಗಿರುತ್ತದೆ. ರಾಯಚೂರು ಜಿಲ್ಲೆಗೆ ಇದು ಹೊಸ ಅನುಭವವೂ ಅಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆಯು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಾಗ ಗದ್ವಾಲ ಹಾಗೂ ಆಲಂಪುರ ತಾಲ್ಲೂಕುಗಳು ಆಂಧ್ರದ ಪಾಲಾದವು. ಆಗ ಏಕೀಕರಣದ ಪರವಾಗಿ ಕನ್ನಡಿಗರ ಒಲವು ನಿಚ್ಚಳವಾಗಿತ್ತಾದರೂ ಗಡಿ ಗೆರೆಯನ್ನು ಎಳೆದದ್ದು ಮತಪೆಟ್ಟಿಗೆಯಲ್ಲ.

ಗೆರೆ ಎಳೆದ ನಂತರದ ಲೆಕ್ಕಾಚಾರವನ್ನು ವರ್ತಕರು ಎಚ್ಚರಿಕೆಯಿಂದ ನೋಡಬೇಕು. ಆಂಧ್ರ-ತೆಲಂಗಾಣಗಳ ನಡುವೆ ಜನಸಂಖ್ಯೆಗೆ ಅನುಗುಣವಾಗಿ 58.32ಕ್ಕೆ 41.68ರ ಪ್ರಮಾಣ ನಿಗದಿಯಾಯಿತು. ಹೀಗಿದ್ದೂ ನಿಗಮಗಳು ಮತ್ತು ತರಬೇತಿ ಸಂಸ್ಥೆಗಳ ಆಸ್ತಿ ಹಂಚಿಕೆಯ ತಕರಾರು ಹತ್ತು ವರ್ಷ ಕಳೆದರೂ ಪೂರ್ಣವಾಗಿ ಬಗೆಹರಿಯಲಿಲ್ಲ. ಕೃಷ್ಣಾ ನೀರಿನ ವಿಷಯದಲ್ಲಿ ಹೊಸ ನಿರ್ವಹಣಾ ಮಂಡಳಿಯೇ ಬಂತು. ವ್ಯಾಜ್ಯ ಮತ್ತೆ ನ್ಯಾಯಾಧಿಕರಣದ ಮೆಟ್ಟಿಲೇರಿತು.

ಜವಳಗೇರಾದ ಮಟ್ಟಿಗೆ ನೀರಿನದೇ ಮೊದಲ ಚಿಂತೆ. ಭತ್ತದ ಗದ್ದೆಗಳು, ಕೇಂದ್ರ ಸರ್ಕಾರದ ಬೀಜೋತ್ಪಾದನಾ ಕ್ಷೇತ್ರ, ಸಿಂಧನೂರಿನ ಅಕ್ಕಿ ಗಿರಣಿಗಳು, ಗೊಬ್ಬರದಂಗಡಿಗಳ ಉದ್ರಿ ಖಾತೆ ಎಲ್ಲವೂ ತುಂಗಭದ್ರಾ ಎಡದಂಡೆ ಕಾಲುವೆಯನ್ನು ಅವಲಂಬಿಸಿವೆ. ಕಾಲುವೆ ಇಡೀ ಕರ್ನಾಟಕದ ಕೈಯಲ್ಲಿದ್ದರೂ ಜಲಾಶಯದ ನಿರ್ವಹಣೆ 1953ರ ಆಂಧ್ರ ರಾಜ್ಯ ಕಾಯಿದೆಯ ಫಲವಾಗಿ ಬಂದ ತುಂಗಭದ್ರಾ ಮಂಡಳಿಯದು. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಹೊಣೆ ಯಾರದೆಂಬ ಚರ್ಚೆ ಎಷ್ಟು ದಿನ ನಡೆಯಿತೆಂಬುದು ಈ ಭಾಗದ ರೈತರಿಗೆ ನೆನಪಿದೆ. ಇನ್ನು ರಾಜ್ಯವೇ ಇಬ್ಭಾಗವಾದರೆ? ತುಂಗೆ, ಭದ್ರೆಯರ ಮೂಲ ಹಾಗೂ ಲಕ್ಕವಳ್ಳಿಯ ಭದ್ರಾ ಜಲಾಶಯ ದಕ್ಷಿಣದ ರಾಜ್ಯದಲ್ಲಿ, ಹೊಸಪೇಟೆಯ ಅಣೆಕಟ್ಟು ಉತ್ತರದ ರಾಜ್ಯದಲ್ಲಿ ಉಳಿಯುತ್ತವೆ. ಭದ್ರಾ ಮೇಲ್ದಂಡೆ ಯೋಜನೆಗೆ ಎಷ್ಟು ನೀರು ಎತ್ತಬೇಕೆಂಬುದು ಇಂದು ಒಂದೇ ಸಚಿವ ಸಂಪುಟದ ತೀರ್ಮಾನ. ಅಂದು ಅದು ಅಂತರರಾಜ್ಯ ಜಲವಿವಾದವಾಗುತ್ತದೆ. ಮೇಲಿನವರು ಹಿಡಿದಷ್ಟು ಹಿಡಿದು ಉಳಿದದ್ದು ಕೆಳಗಿನವರಿಗೆ ಎಂಬ ಸ್ಥಿತಿ ಎಂತಹುದೆಂದು ಕಾಲುವೆಯ ಕೊನೆಭಾಗದ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ತೆರಿಗೆ. ಸರಕು ಮತ್ತು ಸೇವಾ ತೆರಿಗೆಯ ದರ ರಾಜ್ಯ ಬದಲಾದರೂ ಅದೇ ಇರುತ್ತದೆ ಎಂಬ ಸಮಾಧಾನದ ಮಾತು ಅರ್ಧಸತ್ಯ. ಸಿಂಧನೂರಿನಿಂದ ಬೆಂಗಳೂರಿಗೋ ದಾವಣಗೆರೆಗೋ ಮಾಲು ಕಳುಹಿಸುವ ಸಣ್ಣ ವ್ಯಾಪಾರಿಯ ಮಾರಾಟ ಇಂದು ರಾಜ್ಯದೊಳಗಿನದು. ವಿಭಜನೆಯ ಮರುದಿನ ಅದು ಅಂತರರಾಜ್ಯ ಪೂರೈಕೆ. ಕಾಂಪೊಸಿಷನ್ ಪದ್ಧತಿಯಲ್ಲಿರುವವರು ಕೇಂದ್ರ ಕಾಯಿದೆಯ 10ನೆಯ ಕಲಮಿನ ಪ್ರಕಾರ ಹೊರರಾಜ್ಯಕ್ಕೆ ಸರಕು ಪೂರೈಸುವಂತಿಲ್ಲ. ತೆರಿಗೆಗೆ ಒಳಪಟ್ಟ ಸರಕನ್ನು ಹೊರರಾಜ್ಯಕ್ಕೆ ಮಾರುವವರಿಗೆ ವಹಿವಾಟು ಎಷ್ಟೇ ಕಡಿಮೆಯಿದ್ದರೂ ನೋಂದಣಿ ಕಡ್ಡಾಯ. 40 ಲಕ್ಷ ರೂಪಾಯಿಯ ವಿನಾಯಿತಿ ಮಿತಿ ಅವರಿಗೆ ಸಿಗುವುದಿಲ್ಲ. ದೊಡ್ಡ ಗಿರಣಿಗಳು ಇದನ್ನು ಹೇಗೋ ನಿಭಾಯಿಸಿಯಾವು. ವರ್ಷಕ್ಕೆ ಹತ್ತಾರು ಲೋಡು ಕಳುಹಿಸುವ ಮನೆತನದ ಅಂಗಡಿಗಳಿಗೆ ಮಾತ್ರ ಗಿರಾಕಿಯನ್ನು ಬಿಡಬೇಕೋ, ತೆರಿಗೆಯ ರಿಯಾಯಿತಿಯನ್ನು ಬಿಡಬೇಕೋ ಎಂಬ ಇಕ್ಕಟ್ಟು.

ಮೂರನೆಯದು 371-ಜೆ ವಿಧಿ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಬಂದ ಬಗೆಯನ್ನು ಇಲ್ಲಿ ಗಮನಿಸತಕ್ಕದ್ದು. ದೀರ್ಘ ಹೋರಾಟದ ನಂತರ 2012ರ ಮಾರ್ಚ್‌ನಲ್ಲಿ ರಾಜ್ಯ ಶಾಸನಸಭೆಯ ಉಭಯ ಸದನಗಳು ನಿರ್ಣಯ ಕೈಗೊಂಡವು; ಆಮೇಲೆ ಸಂಸತ್ತು 98ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. ಈ ವಿಧಿಯಡಿ ಪ್ರದೇಶದೊಳಗಿನ ಮೀಸಲಾತಿಯಲ್ಲದೆ ರಾಜ್ಯಮಟ್ಟದ ಶಿಕ್ಷಣ ಸಂಸ್ಥೆಗಳಲ್ಲಿಯೂ ಶೇ 8ರಷ್ಟು ಸೀಟುಗಳು ಈ ಭಾಗದ ವಿದ್ಯಾರ್ಥಿಗಳಿಗೆ ದೊರೆಯುತ್ತವೆ. ಆ ವಿಧಿಯ ಪಠ್ಯದಲ್ಲಿರುವುದು ಕರ್ನಾಟಕ ರಾಜ್ಯದ ಹೆಸರು. ರಾಜ್ಯ ಬೇರೆಯಾದರೆ ವಿಧಿಯನ್ನು ತಿದ್ದಲೇಬೇಕು (ಆಂಧ್ರದ 371-ಡಿ ವಿಧಿಯನ್ನು 2014ರಲ್ಲಿ ಹೀಗೆ ತಿದ್ದಲಾಯಿತು), ಬೆಂಗಳೂರಿನ ಸೀಟುಗಳಿಗಂತೂ ಯಾವ ಖಾತರಿಯೂ ಇರುವುದಿಲ್ಲ. ಗಳಿಸಿದ್ದನ್ನು ಹೊಸದಾಗಿ ಚೌಕಾಸಿ ಮಾಡಿ ಪಡೆಯಬೇಕಾದೀತು.

ಜನರನ್ನು ಕೇಳುವುದು ಅಸಾಧ್ಯವೇನೂ ಅಲ್ಲ. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಎಂದು ನಿರ್ಧರಿಸಲು 1967ರ ಜನವರಿ 16ರಂದು ಗೋವಾದಲ್ಲಿ ವಿಶೇಷ ಕಾಯಿದೆಯ ಮೂಲಕ ಜನಮತ ಸಂಗ್ರಹಿಸಲಾಯಿತು. 34,021 ಮತಗಳ ಅಂತರದಿಂದ ವಿಲೀನ ಬಿದ್ದುಹೋಯಿತು. ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ 2004ರ ನವೆಂಬರ್ 4ರಂದು ಚುನಾಯಿತ ಪ್ರಾದೇಶಿಕ ಸಭೆ ಬೇಕೇ ಎಂದು ಕೇಳಿದಾಗ ಶೇ 77.9ರಷ್ಟು ಮತದಾರರು ಬೇಡವೆಂದರು. ಅಲ್ಲಿನ ಸರ್ಕಾರ ಉಳಿದ ಪ್ರದೇಶಗಳಲ್ಲಿಯೂ ಆ ಯೋಜನೆಯನ್ನು ಕೈಬಿಟ್ಟಿತು. ವಿಭಜನೆಯ ಪರವಾಗಿರುವವರು ಕರ್ನಾಟಕದ 14 ಉತ್ತರ ಜಿಲ್ಲೆಗಳಲ್ಲಿ ಇಂತಹದೊಂದು ಮತದಾನಕ್ಕೆ ಒತ್ತಾಯಿಸಿದ್ದು ಕಂಡುಬಂದಿಲ್ಲ.

ಹಾಗೆ ನೋಡಿದರೆ ಈಗಿರುವ ಸ್ಥಳೀಯ ಆಡಳಿತದಲ್ಲಿಯೇ ಜನರ ಮಾತಿಗೆ ಎಡೆ ಕಡಿಮೆಯಾಗಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ನೇರ ಚುನಾವಣೆಯಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಅವುಗಳನ್ನು ನಡೆಸಿದರು. ಆ ಅವಧಿಯಲ್ಲಿ ಜವಳಗೇರಾದ ಮತದಾರನಿಗೆ ತನ್ನ ಗ್ರಾಮ ಪಂಚಾಯಿತಿಯ ಸದಸ್ಯನನ್ನು ಬಿಟ್ಟರೆ ನೇರವಾಗಿ ಪ್ರಶ್ನಿಸಲು ಸಿಗುತ್ತಿದ್ದ ಮುಂದಿನ ಚುನಾಯಿತ ಪ್ರತಿನಿಧಿ ಸಿಂಧನೂರಿನ ಶಾಸಕರೇ.