ಶರೀರದ ಕಾವಲುಗಾರರು ಶತ್ರುವನ್ನು ಗುರುತಿಸುವ ಬಗೆ



ಕೆಲವು ವರುಷಗಳ ಕೆಳಗೆ ಬ್ಯಾಕೋಡಿನ ಕಡೆಯಿಂದ ಬಂದು ನಮ್ಮಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ನಮಗೆ ಒಂದು ಪ್ರಶ್ನೆ ಹಾಕಿದಳು. ಆ ವರುಷ ಅವಳ ತಾಯಿಯವರು ಸೊಪ್ಪಿನ ಬೆಟ್ಟದಿಂದ ತರಗೆಲೆ ತಂದು ಕೊಟ್ಟಿಗೆಗೆ ಹಾಸಿದ ಒಂದು ವಾರದೊಳಗೆ ಜ್ವರದಿಂದ ಮಲಗಿದರು. ಮನೆಯವರು ಕಷಾಯ ಕೊಟ್ಟು ಐದು ದಿನ ಕಾದರು. ಆರನೆಯ ದಿನ ವಸಡಿನಲ್ಲಿ ರಕ್ತ ಕಂಡ ಮೇಲೆಯೇ ಲಾಂಚಿನಲ್ಲಿ ಹಿನ್ನೀರು ದಾಟಿಸಿ ಆಸ್ಪತ್ರೆಗೆ ಒಯ್ದರು. ಮಂಗನ ಕಾಯಿಲೆಯೆಂದು ಅಲ್ಲಿ ಗೊತ್ತಾಯಿತು. ತಾಯಿಯವರು ಬದುಕಿ ಬಂದರು. ಆದರೆ ಚಿಕ್ಕ ತಮ್ಮಂದಿರನ್ನು ನೋಡಿಕೊಳ್ಳಬೇಕಾದ ಕಾರಣ ಹುಡುಗಿಯು ಆ ವರುಷ ಪರೀಕ್ಷೆಗೆ ಕುಳಿತುಕೊಳ್ಳಲಿಲ್ಲ. ಶಾಲೆಗೆ ಮರಳಿ ಬಂದ ದಿನ ಅವಳು ಕೇಳಿದ್ದು ಇದು: "ಅಕ್ಕೋರೇ, ಮುಳ್ಳು ಚುಚ್ಚಿದರೆ ಕಾಲು ಕೆಂಪಾಗಿ ಬಾತುಕೊಳ್ಳುತ್ತದೆ. ಉಣುಗು ಕಚ್ಚಿ ಇಷ್ಟು ದೊಡ್ಡ ರೋಗವನ್ನು ಒಳಗೆ ಬಿಟ್ಟರೂ ಅಮ್ಮನಿಗೆ ಯಾಕೆ ಏನೂ ತಿಳಿಯಲಿಲ್ಲ?"

ಅಂದು ನಾವು ಹೇಳಿದ ಉತ್ತರವು ಅರೆಯಾಗಿತ್ತು. ಅದನ್ನು ಪೂರ್ತಿಗೊಳಿಸುವದಕ್ಕೋಸ್ಕರ ಈ ಲೇಖನವನ್ನು ಬರೆದಿದ್ದೇವೆ.

ಮುಳ್ಳು ಚುಚ್ಚಿದಾಗ ನಡೆಯುವದೇನೆಂಬದನ್ನು ಮೊದಲು ನೋಡೋಣ. 1882ನೆಯ ಇಸವಿಯಲ್ಲಿ ಮೆಚ್ನಿಕಾಫ್ ಎಂಬ ಪ್ರಾಣಿಶಾಸ್ತ್ರಜ್ಞರು ಇಟಲಿಯ ಮೆಸ್ಸೀನಾ ಪಟ್ಟಣದಲ್ಲಿದ್ದರು. ಅವರು ಸಮುದ್ರದ ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟರು. ಆ ಮರಿಯ ಶರೀರವು ಗಾಜಿನಂತೆ ಪಾರದರ್ಶಕವಾಗಿರುವದು. ಮರುದಿನ ಬೆಳಿಗ್ಗೆ ನೋಡಲಾಗಿ, ಚಲಿಸುವ ಜೀವಕೋಶಗಳು ಮುಳ್ಳಿನ ಸುತ್ತಲೂ ಗುಂಪುಗೂಡಿದ್ದವು. ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಹಲವು ಇದೇ ಕೆಲಸವನ್ನು ಮಾಡುತ್ತವೆ. ಬಂದ ರೋಗಾಣುವನ್ನು ಸುತ್ತುವರಿದು ನುಂಗಿ ಅರಗಿಸುತ್ತವೆ. ಈ ಶೋಧನೆಗಾಗಿ 1908ರಲ್ಲಿ ಮೆಚ್ನಿಕಾಫರಿಗೆ ನೊಬೆಲ್ ಬಹುಮಾನವು ದೊರೆಯಿತು.

ನಮ್ಮ ಶರೀರಕ್ಕೆ ಎರಡು ಬಗೆಯ ರಕ್ಷಣೆಗಳುಂಟು. ಒಂದು, ಹುಟ್ಟಿನೊಡನೆಯೇ ಬಂದದ್ದು. ಇನ್ನೊಂದು, ಕಲಿತು ಪಡೆಯುವದು. ಕಲಿಯುವ ರಕ್ಷಣೆಯು ಒಂದೊಂದು ರೋಗಾಣುವನ್ನೂ ಬೇರೆಬೇರೆಯಾಗಿ ತಿಳಿದುಕೊಳ್ಳುತ್ತದೆ. ಸಿಡುಬು, ದಡಾರ ಮೊದಲಾದವುಗಳ ಚುಚ್ಚುಮದ್ದುಗಳು ಅದಕ್ಕೆ ಪಾಠ ಹೇಳುವಂಥವು. ಆದರೆ ಹೊಸ ಪಾಠವನ್ನು ಕಲಿಯಲು ಅದಕ್ಕೆ ಹಲವು ದಿನಗಳು ಬೇಕು. ಅಲ್ಲಿಯ ವರೆಗೆ ಮನೆಯನ್ನು ಕಾಯುವದು ಹುಟ್ಟಿನಿಂದ ಬಂದ ರಕ್ಷಣೆಯೇ. ಇದರ ಕಾವಲುಗಾರರು ಚರ್ಮದ ಅಡಿಯಲ್ಲಿಯೂ ಶ್ವಾಸಕೋಶದಲ್ಲಿಯೂ ಕರುಳಿನಲ್ಲಿಯೂ ಹಗಲಿರುಳು ಕುಳಿತಿರುತ್ತಾರೆ.

ಹಾಗಾದರೆ, ಹಿಂದೆಂದೂ ಕಾಣದ ಶತ್ರುವನ್ನು ಇವರು ಗುರುತಿಸುವದು ಹೇಗೆ? ಮಲೆನಾಡಿನ ಒಂಟಿ ಮನೆಯ ನಾಯಿಯನ್ನು ನೆನೆಸಿಕೊಳ್ಳಿರಿ. ಅದಕ್ಕೆ ಕಳ್ಳರ ಹೆಸರುಗಳು ಗೊತ್ತಿಲ್ಲ. ಮನೆಯವರದಲ್ಲದ ವಾಸನೆ ಮಾತ್ರ ಗೊತ್ತು. ನಮ್ಮ ಕಾವಲುಗಾರರ ಮೈಮೇಲೆಯೂ ಪರಕೀಯರ ಗುರುತನ್ನು ಹಿಡಿಯುವ ಸೂಕ್ಷ್ಮ ಅಣುಗಳಿವೆ. ಅನೇಕ ರೋಗಾಣುಗಳ ಹೊರಪೊರೆಯಲ್ಲಿ ಒಂದು ಬಗೆಯ ಕೊಬ್ಬು ಸಕ್ಕರೆಯೊಡನೆ ಕೂಡಿರುತ್ತದೆ. ಅದು ನಮ್ಮ ಶರೀರದಲ್ಲಿ ಎಲ್ಲಿಯೂ ತಯಾರಾಗುವದಿಲ್ಲ. ಕೆಲವು ರೋಗಾಣುಗಳು ಈಜುವದಕ್ಕೆ ಬಾಲದಂಥ ಎಳೆಯನ್ನು ಹೊಂದಿವೆ. ಇಂಥ ಗುರುತುಗಳನ್ನು ಬಿಟ್ಟು ರೋಗಾಣುವು ಬದುಕಲಾರದು. ಆದಕಾರಣ ಸುಲಭವಾಗಿ ವೇಷವನ್ನು ಬದಲಿಸಲಾರದು. ಕಾವಲಿನ ಜಾಣ್ಮೆಯು ಇದರಲ್ಲಿದೆ.

ಹೀಗಿರಬೇಕೆಂದು 1989ರಲ್ಲಿ ಅಮೇರಿಕದ ಚಾರ್ಲ್ಸ್ ಜೇನ್‌ವೇ ಎಂಬವರು ಊಹಿಸಿದರು. ಆಧಾರವು ದೊರೆತದ್ದು ಹಣ್ಣಿನ ನೊಣದಿಂದ. ಆ ನೊಣದಲ್ಲಿ 'ಟಾಲ್' ಎಂಬ ಹೆಸರಿನ ಅಂಶವೊಂದುಂಟು. ಅದು ಕೆಟ್ಟಿರುವ ನೊಣಗಳು ಬೂಷ್ಟು ಹತ್ತಿ ಸಾಯುತ್ತವೆಂದು 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಮತ್ತು ಅವರ ಸಂಗಡಿಗರು ತೋರಿಸಿದರು. ಅದನ್ನೇ ಹೋಲುವ ಅಣುವು ಇಲಿಗಳಲ್ಲಿ ರೋಗಾಣುವಿನ ಹೊರಪೊರೆಯ ಗುರುತನ್ನು ಹಿಡಿಯುವದೆಂದು 1998ರಲ್ಲಿ ಅಮೇರಿಕದ ಬ್ರೂಸ್ ಬಾಯ್ಟ್ಲರ್ ಕಂಡುಹಿಡಿದರು. ಮನುಷ್ಯರಲ್ಲಿ ಈ ಜಾತಿಯ ಅಣುಗಳು 10 ಬಗೆಯಾಗಿವೆ. ಇವರಿಬ್ಬರೂ 2011ರ ನೊಬೆಲ್ ಬಹುಮಾನದಲ್ಲಿ ಪಾಲನ್ನು ಪಡೆದರು.

ಇನ್ನೊಂದು ಸಂಗತಿಯುಂಟು. ಕಾಲು ಉಳುಕಿದರೆ ಯಾವ ರೋಗಾಣುವೂ ಒಳಗೆ ಬಂದಿರುವದಿಲ್ಲ. ಆದರೂ ಬಾವು ಬರುತ್ತದಷ್ಟೆ. ಅದಕ್ಕೆ ಕಾರಣವೇನು? ಜೀವಕೋಶವು ಒಡೆದಾಗ ಅದರೊಳಗೆ ಮಾತ್ರ ಇರತಕ್ಕ ಕೆಲವು ವಸ್ತುಗಳು ಹೊರಗೆ ಚೆಲ್ಲುತ್ತವೆ. ಅಡಿಗೆಮನೆಯ ಪಾತ್ರೆಗಳು ಅಂಗಳದಲ್ಲಿ ಬಿದ್ದಿದ್ದರೆ, ಒಳಗೆ ಏನೋ ಆಗಿದೆಯೆಂದು ನೆರೆಯವರಿಗೆ ತಿಳಿಯುವದಿಲ್ಲವೇ? ಹಾಗೆಯೇ ಕಾವಲುಗಾರರು ಹೊರಚೆಲ್ಲಿದ ವಸ್ತುಗಳನ್ನು ಕಂಡು ಕೂಗೆಬ್ಬಿಸುತ್ತಾರೆ. ಪರಕೀಯತೆಗಿಂತ ಅಪಾಯದ ಸೂಚನೆಯೇ ಮುಖ್ಯವೆಂದು 1994ರಲ್ಲಿ ಪಾಲಿ ಮ್ಯಾಟ್ಸಿಂಗರ್ ಎಂಬ ವಿಜ್ಞಾನಿಯು ವಾದಿಸಿದರು. ಶರೀರವು ಪರರ ಗುರುತನ್ನೂ ತನ್ನವರ ಗಾಯವನ್ನೂ, ಎರಡನ್ನೂ ಗಮನಿಸುವದೆಂಬದು ಈಗ ತಿಳಿದ ವಿಷಯವಾಗಿದೆ.

ಕೂಗೆದ್ದೊಡನೆ ಅಲ್ಲಿಯ ರಕ್ತನಾಳಗಳು ಹಿಗ್ಗುತ್ತವೆ. ಆದ್ದರಿಂದ ಕೆಂಪು ಮತ್ತು ಬಿಸಿ. ನಾಳದಿಂದ ನೀರೂ ಬಿಳಿಯ ಕಣಗಳೂ ಹೊರಬರುತ್ತವೆ, ಆದ್ದರಿಂದ ಬಾವು. ನರಗಳು ಕೆರಳುತ್ತವೆ; ಆದ್ದರಿಂದ ನೋವು. ಸುದ್ದಿಯು ರಕ್ತದ ಮೂಲಕ ಮಿದುಳಿಗೆ ಮುಟ್ಟಿದರೆ ಜ್ವರವು ಏರುತ್ತದೆ. ಹೀಗೆ ಜ್ವರವೆಂಬದು ಕಾವಲುಗಾರರು ಕಳುಹಿಸಿದ ವರ್ತಮಾನವಾಗಿದೆ.

ಈಗ ನಮ್ಮ ಸೀಮೆಯ ರೋಗಕ್ಕೆ ಬರೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು; ಸುತ್ತಲಿನ ಹಳ್ಳಿಗಳ ಜನರೂ ಜ್ವರಕ್ಕೆ ಗುರಿಯಾದರು. ಪುಣೆಯ ವೈರಾಣು ಸಂಶೋಧನ ಕೇಂದ್ರದವರು ಅದರ ವೈರಾಣುವನ್ನು ಕಂಡುಹಿಡಿದರು. 2018ರ ಡಿಸೆಂಬರಿನಲ್ಲಿ ಮೊದಲಾಗಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಇದೇ ರೋಗವು ಹಲವು ಮನೆಗಳಲ್ಲಿ ದುಃಖವನ್ನು ತಂದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು.

ವೈರಾಣುವು ಜೀವಕೋಶದ ಒಳಗೇ ಹೊಕ್ಕು ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಈ ವರ್ಗದ ವೈರಾಣುಗಳು ಪ್ರತಿಮಾಡುವಾಗ ಎರಡೆಳೆಯ ಆರ್‌ಎನ್‌ಎ ಉಂಟಾಗುತ್ತದೆ. ಅಂಥ ಉದ್ದನೆಯ ಎರಡೆಳೆಯು ನಮ್ಮ ಜೀವಕೋಶದ ಸಹಜ ಸ್ಥಿತಿಯಲ್ಲಿ ಹೀಗೆ ಕಾಣಿಸುವದಿಲ್ಲ. ಅದನ್ನು ಗುರುತಿಸುವ ಕಾವಲಿನ ಅಣುಗಳು ಜೀವಕೋಶದ ಒಳಗಡೆಯೂ ಇವೆ. ಕೂಡಲೆ ಆ ಜೀವಕೋಶವು ಇಂಟರ್‌ಫೆರಾನ್ ಎಂಬ ರಸವನ್ನು ಹೊರಬಿಟ್ಟು, ಬಾಗಿಲು ಭದ್ರಪಡಿಸಿಕೊಳ್ಳಿರೆಂದು ನೆರೆಯ ಜೀವಕೋಶಗಳನ್ನು ಎಚ್ಚರಿಸುತ್ತದೆ. ಲಂಡನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬವರು ಇಂಟರ್‌ಫೆರಾನನ್ನು ಪ್ರಕಟಪಡಿಸಿದ್ದೂ 1957ರಲ್ಲಿಯೇ. ನಮ್ಮ ಕಾಡಿನ ರೋಗವೂ ಅದನ್ನು ಎದುರಿಸುವ ಶರೀರದ ಕೂಗೂ ಒಂದೇ ವರುಷದಲ್ಲಿ ಲೋಕಕ್ಕೆ ತಿಳಿದುಬಂದವು.

ಇನ್ನು ಹುಡುಗಿಯ ಪ್ರಶ್ನೆ. ಮರಿ ಉಣುಗು ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ಅದು ಕಚ್ಚುವಾಗ ತನ್ನ ಜೊಲ್ಲನ್ನು ಗಾಯದೊಳಕ್ಕೆ ಬಿಡುತ್ತದೆ. ಆ ಜೊಲ್ಲಿನಲ್ಲಿ ರಕ್ತವನ್ನು ಹೆಪ್ಪುಗಟ್ಟಗೊಡದ ವಸ್ತುಗಳಲ್ಲದೆ, ತುರಿಕೆಯನ್ನೂ ಬಾವನ್ನೂ ಹುಟ್ಟಿಸುವ ನಮ್ಮ ರಸಗಳನ್ನು ಕಟ್ಟಿಹಾಕುವ ವಸ್ತುಗಳೂ ಇವೆ. ಅಂದರೆ, ಕಾವಲುನಾಯಿಯ ಬಾಯನ್ನು ಮೊದಲು ಕಟ್ಟಿ ತರುವಾಯ ಕಳ್ಳನು ಒಳಗೆ ಬಂದಂತಾಯಿತು. ಆದಕಾರಣ ಮುಳ್ಳು ತಿಳಿಯುತ್ತದೆ, ಉಣುಗು ಅನೇಕ ಸಲ ತಿಳಿಯುವದೇ ಇಲ್ಲ. ಆ ಮೌನದಲ್ಲಿ ವೈರಾಣುವು ಸೇರಿಕೊಂಡು, ಮೂರರಿಂದ ಎಂಟು ದಿನಗಳಲ್ಲಿ ಜ್ವರವಾಗಿ ಕಾಣಿಸಿಕೊಳ್ಳುತ್ತದೆ. ನಿಮ್ಮ ತಾಯಿಯವರು ಅಲಕ್ಷ್ಯ ಮಾಡಲಿಲ್ಲ, ಅವರಿಗೆ ಸುದ್ದಿಯೇ ಬರಲಿಲ್ಲ ಎಂದು ಆ ಹುಡುಗಿಗೆ ನಾವು ಅಂದೇ ಹೇಳಬೇಕಾಗಿತ್ತು.

ಚರ್ಮದ ಕಾವಲು ಮೋಸಹೋಗುವಲ್ಲಿ ಕಣ್ಣಿನ ಕಾವಲು ಬೇಕು. ಡಿಸೆಂಬರಿನಿಂದ ಮೇ ತಿಂಗಳ ವರೆಗೆ ಕಾಡಿಗೂ ಸೊಪ್ಪಿನ ಬೆಟ್ಟಕ್ಕೂ ಹೋಗುವವರು ಮೈತುಂಬ ಬಟ್ಟೆಯನ್ನು ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಹಚ್ಚಿಕೊಳ್ಳಲಿ. ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಕಂಕುಳು, ಕಿವಿಯ ಹಿಂಬದಿ, ಮೊಣಕಾಲಿನ ಸಂದುಗಳನ್ನು ನೋಡಿಕೊಳ್ಳಲಿ. ಉಣುಗು ಕಂಡರೆ ಚಿಮಟದಿಂದ ಚರ್ಮಕ್ಕೆ ಸಮೀಪವಾಗಿ ಹಿಡಿದು ನೆಟ್ಟಗೆ ಎಳೆಯಬೇಕು, ಬೆರಳಲ್ಲಿ ಹೊಸಕಬಾರದು. ಸತ್ತ ಮಂಗನನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಜ್ವರ, ತಲೆನೋವು, ಮೈಕೈನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಈ ರೋಗವನ್ನೇ ಕೊಲ್ಲುವ ವಿಶೇಷ ಔಷಧವಿಲ್ಲವಾದರೂ ಸಕಾಲದ ಆರೈಕೆಯು ಪ್ರಾಣವನ್ನು ಉಳಿಸುತ್ತದೆ. ರಕ್ತಸ್ರಾವವು ಹೆಚ್ಚಬಹುದಾದ್ದರಿಂದ ಆಸ್ಪಿರಿನ್ ಮುಂತಾದ ನೋವಿನ ಮಾತ್ರೆಗಳನ್ನು ತಾವಾಗಿ ನುಂಗಬಾರದು.

ನಮ್ಮ ಹೆಣ್ಣುಮಕ್ಕಳು ತಮ್ಮ ಜ್ವರವನ್ನು ಹೇಳಿಕೊಳ್ಳದೆ ಕೆಲಸ ಮಾಡುವದನ್ನೇ ಸದ್ಗುಣವೆಂದು ಎಣಿಸುವದುಂಟು. ಇದನ್ನು ನಾವು ಒಪ್ಪುವದಿಲ್ಲ. ಶರೀರವು ಕೂಗಿ ಹೇಳಿದ ಸುದ್ದಿಯನ್ನು ಮನೆಯವರಿಂದ ಮುಚ್ಚಿಡುವದು ಯಾರಿಗೂ ಉಪಕಾರವಲ್ಲ. 2025ರ ಜುಲೈ ತಿಂಗಳಲ್ಲಿ ಶರಾವತಿಯ ಹಿನ್ನೀರಿನ ಮೇಲೆ ಸೇತುವೆಯು ತೆರೆದಿರುವದರಿಂದ, ಸಾಗರದ ಆಸ್ಪತ್ರೆಗೆ ಹೊರಟವರು ಲಾಂಚಿಗಾಗಿ ಕಾಯಬೇಕಾಗಿಲ್ಲ.

ಆ ಹುಡುಗಿಯು ಮರುವರುಷ ಪರೀಕ್ಷೆಗೆ ಕುಳಿತು ತೇರ್ಗಡೆಯಾದಳು. ಈಗ ಅವಳ ಮನೆಯಲ್ಲಿ ಬೆಟ್ಟದಿಂದ ಬಂದವರು ಮೊದಲು ಹೋಗುವದು ಬಚ್ಚಲುಮನೆಗೆ. ಅಲ್ಲಿ ಹಂಡೆಯ ನೀರು ಕಾದಿರುತ್ತದೆಂದು ಅವಳು ನಮಗೆ ಕಾಗದ ಬರೆದಿದ್ದಾಳೆ.