ಸೇತುವೆ ಮತ್ತು ಬಸದಿ
‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂಬುದು ಹಿರಿಯರ ಮಾತು. ಇಂದು ಹತ್ತು ಹನ್ನೆರಡು ಮಂದಿ ಕೂಡಿ, ಮಾರ್ಗದರ್ಶಿಯ ಹಿಂದೆ, ಬಾಲ್ಕನ್ ನಾಡುಗಳನ್ನು ಎರಡೇ ವಾರದಲ್ಲಿ ಸುತ್ತಿಬರಬಹುದು. ಬೋಸ್ನಿಯಾದ ಮೊಸ್ತಾರ್ ನಗರದ ಕಲ್ಲುಸೇತುವೆಯ ಮೇಲೆ ಮಾತ್ರ ಅವರು ತುಸು ನಿಲ್ಲಬೇಕು. 1566ರಲ್ಲಿ ಮುಗಿದ ಆ ಸೇತುವೆ 1993ರಲ್ಲಿ, ನೆರೆಹೊರೆಯವರ ನಡುವಣ ಯುದ್ಧದಲ್ಲಿ, ಫಿರಂಗಿಯ ಹೊಡೆತಕ್ಕೆ ನದಿಗೆ ಉರುಳಿತು. 2004ರಲ್ಲಿ ಮರಳಿ ಎದ್ದಿತು.

ಇತ್ತ ನಮ್ಮ ಬಿಂಡಿಗನವಿಲೆಯಲ್ಲಿ ಗರುಡನ ಸನ್ನಿಧಿ. ಸಮೀಪದ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ. ನಾಗಮಂಗಲದಲ್ಲಿ ಹೊಯ್ಸಳರ ಸೌಮ್ಯಕೇಶವ. ಗಂಗರೂ ಅಳಿದರು, ಹೊಯ್ಸಳರೂ ಅಳಿದರು. ಗುಡಿಯೂ ಬಸದಿಯೂ ನೆರೆಯವರಾಗಿ ಉಳಿದಿವೆ. ದಿನನಿತ್ಯ ಕಾಣುವ ನಮಗೆ ಇದು ಸಾಮಾನ್ಯ ಸಂಗತಿ. ಉಳಿಸಿಕೊಳ್ಳುವವರಿಲ್ಲದಿದ್ದರೆ ಇದೂ ಉಳಿಯದೆಂಬ ಎಚ್ಚರವನ್ನು ಮೊಸ್ತಾರಿನ ಕಲ್ಲು ಕೊಡುತ್ತದೆ. ಅಷ್ಟು ದೂರ ಹೋಗಿಬಂದುದಕ್ಕೆ ಅದಕ್ಕಿಂತ ಹೆಚ್ಚಿನ ಫಲ ಬೇಕೆ?