ಗಾಜಿನ ತೊಟ್ಟಿಯ ಅತಿಥಿಗೆ ಸೊಪ್ಪಿನ ಊಟ

ಸೊಪ್ಪಿನ ಕಟ್ಟನ್ನು ಬಿಡಿಸಿ, ಸೋಸಿ, ತೊಳೆದು, ಹುಳಿಗೊಂದು ಪಾಲು ಪಲ್ಯಕ್ಕೊಂದು ಪಾಲು ಎಂದು ವಿಂಗಡಿಸುವ ಗೃಹಿಣಿಯರಲ್ಲಿ ಕೆಲವರು ಈಚೆಗೆ ಮೂರನೆಯ ಪಾಲೊಂದನ್ನೂ ತೆಗೆದಿರಿಸಬೇಕಾಗಿ ಬಂದಿದೆ. ಮಕ್ಕಳ ಹಟಕ್ಕೆ ಮಣಿದು, ಬಣ್ಣದ ಮೀನು ಮಾರುವ ಅಂಗಡಿಯಿಂದ ಪುಟ್ಟದೊಂದು ಹಸಿರು ಆಮೆಮರಿಯನ್ನು ಕೊಂಡುತಂದ ಮನೆಗಳ ಮಾತು ಇದು. ಅಂಗಡಿಯವನು ಮರಿಯ ಜೊತೆಗೆ ಗುಳಿಗೆಯಾಕಾರದ ತಿನಿಸಿನ ಡಬ್ಬಿಯೊಂದನ್ನು ಕೊಡುತ್ತಾನೆ. ಮೂರನೆಯ ಪಾಲಿನ ವಿಚಾರವನ್ನು ಮಾತ್ರ ಹೇಳುವುದಿಲ್ಲ. ಆ ಪ್ರಾಣಿ ಮೂವತ್ತು ವರ್ಷ ಬಾಳುವುದೋ ಮೂರೇ ವರ್ಷಕ್ಕೆ ಕಣ್ಣು ಮುಚ್ಚುವುದೋ ಎಂಬುದು ಬಹುಮಟ್ಟಿಗೆ ಆ ಪಾಲನ್ನು ಅವಲಂಬಿಸಿದೆ.

ಕಣ್ಣಿನ ಹಿಂದೆ ಕುಂಕುಮದಿಂದ ಗೀಟೆಳೆದಂತೆ ಕೆಂಪು ಪಟ್ಟೆಯುಳ್ಳ ಈ ಆಮೆಗೆ 'ರೆಡ್ ಈಯರ್ಡ್ ಸ್ಲೈಡರ್' ಎಂದು ಹೆಸರು. ಇದರ ತವರು ಅಮೆರಿಕದ ಮಿಸಿಸಿಪಿ ನದಿಯ ಬಯಲು. ಅಂಗಡಿಯಲ್ಲಿ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾಗಿ ಕಂಡದ್ದು ಬೆಳೆದ ಮೇಲೆ, ಅದರಲ್ಲಿಯೂ ಹೆಣ್ಣಾದರೆ, 25ರಿಂದ 30 ಸೆಂಟಿಮೀಟರಿನಷ್ಟು ಉದ್ದವಾಗಬಲ್ಲದು. ನಮ್ಮ ನಾಡಿನದೇ ಆದ ನಕ್ಷತ್ರ ಆಮೆಯನ್ನಾಗಲಿ, ನಮ್ಮ ಕೆರೆಗಳ ಆಮೆಗಳನ್ನಾಗಲಿ ಮನೆಯಲ್ಲಿ ಸಾಕುವಂತಿಲ್ಲ; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ. ಆದುದರಿಂದ ಇಲ್ಲಿ ಹೇಳುವುದೆಲ್ಲ ಈ ಪರದೇಶದ ಅತಿಥಿಯನ್ನು ಕುರಿತದ್ದೇ.

ಈ ಅತಿಥಿಯ ಸ್ವಭಾವದಲ್ಲಿ ಒಂದು ವಿಚಿತ್ರವುಂಟು. ಮರಿಯಾಗಿರುವಾಗ ಅದು ಬಹುಮಟ್ಟಿಗೆ ಮಾಂಸಾಹಾರಿ; ನೀರಹುಳು, ಶಂಬುಕ, ಗೊದಮೊಟ್ಟೆ, ಎರೆಹುಳು ಇವೇ ಅದರ ಮೃಷ್ಟಾನ್ನ. ವಯಸ್ಸು ಬಂದಂತೆ ಅದರ ರುಚಿ ಬದಲಾಗುತ್ತದೆ. ಪ್ರಾಯದ ಆಮೆ ತನ್ನ ಹೊಟ್ಟೆಯ ಹೆಚ್ಚಿನ ಭಾಗವನ್ನು ನೀರಸಸ್ಯಗಳಿಂದಲೇ ತುಂಬಿಕೊಳ್ಳುತ್ತದೆ. ಅಮೆರಿಕದ ಕ್ಲಾರ್ಕ್ ಮತ್ತು ಗಿಬನ್ಸ್ ಎಂಬ ಇಬ್ಬರು ಪ್ರಾಣಿಶಾಸ್ತ್ರಜ್ಞರು ಇದೇ ಜಾತಿಯ ಆಮೆಗಳ ಆಹಾರವನ್ನು ಪರೀಕ್ಷಿಸಿ, 1969ರಲ್ಲಿ ಈ ಮಾರ್ಪಾಟನ್ನು ಬರೆದಿಟ್ಟರು. ಬೇಗ ಬೆಳೆಯಬೇಕಾದ ಎಳೆಯ ದೇಹಕ್ಕೆ ಸಸಾರಜನಕ ಹೆಚ್ಚಾಗಿ ಬೇಕು. ಚಿಪ್ಪು ಬಲಿತ ದೊಡ್ಡ ದೇಹಕ್ಕಾದರೋ ಹುಳುವಿನ ಬೆನ್ನಟ್ಟಿ ಅಲೆಯುವುದಕ್ಕಿಂತ, ಕದಲದೆ ನಿಂತಿರುವ ಸೊಪ್ಪನ್ನು ಮೇಯುವುದೇ ಲಾಭದ ವ್ಯಾಪಾರ. ನಮ್ಮ ಹಿರಿಯರು ವಾನಪ್ರಸ್ಥದಲ್ಲಿ ಕಂದಮೂಲಗಳಿಗೆ ತಿರುಗಿದಂತೆ ಎಂದುಕೊಂಡರೂ ಆದೀತು, ವೈರಾಗ್ಯಕ್ಕೂ ಆಮೆಗೂ ಸಂಬಂಧವಿಲ್ಲದಿದ್ದರೂ!

ಹಾಗೆಂದು ಮಾಂಸವನ್ನು ಅದು ಪೂರ್ತಿಯಾಗಿ ತ್ಯಜಿಸುವುದಿಲ್ಲ, ತ್ಯಜಿಸಿಸಲೂ ಬಾರದು. ಕ್ಯಾರೆನ್ ಬ್ಯೋರ್ನ್‌ಡಾಲ್ ಎಂಬ ವಿಜ್ಞಾನಿ 1991ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಇಲ್ಲಿ ಉಲ್ಲೇಖಾರ್ಹ. ಬರಿಯ ನೀರಸೊಪ್ಪು ತಿಂದಾಗಿನದಕ್ಕಿಂತ, ಅದರೊಂದಿಗೆ ಒಂದಿಷ್ಟು ಹುಳುಗಳನ್ನೂ ತಿಂದಾಗ ಆಮೆ ಅದೇ ಸೊಪ್ಪನ್ನು ಹೆಚ್ಚು ಚೆನ್ನಾಗಿ ಜೀರ್ಣಿಸಿಕೊಂಡಿತಂತೆ. ಸೊಪ್ಪಿನ ನಾರನ್ನು ಹುದುಗಿಸಿ ಕರಗಿಸುವುದು ಆಮೆಯ ಕರುಳಿನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು; ಹುಳುವಿನ ಸಾರ ಅವುಗಳಿಗೂ ಪುಷ್ಟಿ ಕೊಡುವುದೆಂದು ಊಹೆ. ಮನೆಮಂದಿಯೆಲ್ಲ ಸಸ್ಯಾಹಾರಿಗಳೆಂಬ ಕಾರಣಕ್ಕೆ ಆಮೆಮರಿಗೂ ಸೊಪ್ಪನ್ನೇ ನಿಯಮ ಮಾಡುವವರು ಈ ಮಾತನ್ನು ಗಮನಿಸಬೇಕು.

ಆದರೆ ಸಾಮಾನ್ಯವಾಗಿ ನಡೆಯುವ ತಪ್ಪು ಇದಕ್ಕೆ ವಿರುದ್ಧವಾದುದು. ಮರಿಗೆ ಹಾಕಿದ ಗುಳಿಗೆಯನ್ನೇ, ಒಣಸೀಗಡಿಯನ್ನೇ ಬೆಳೆದ ಆಮೆಗೂ ವರ್ಷಗಟ್ಟಲೆ ಹಾಕುತ್ತಾರೆ. ದೇವಾಲಯದ ಕಲ್ಯಾಣಿಯಲ್ಲಿ ಪುರಿ ಎರಚಿ ಅಭ್ಯಾಸವಾದ ಕೈಗಳು ಅನ್ನವನ್ನೂ ಬ್ರೆಡ್ಡನ್ನೂ ಹಾಕುವುದುಂಟು. ಮಿತಿಯಲ್ಲಿದ್ದರೆ ಒಳ್ಳೆಯ ಗುಳಿಗೆ ಕೆಟ್ಟದ್ದೇನಲ್ಲ. ಅದೊಂದೇ ಊಟವಾದಾಗ ಕಷ್ಟ. ಕೊಬ್ಬು ಬೆಳೆದು, ಕಾಲು ಒಳಗೆಳೆದುಕೊಂಡರೆ ಚಿಪ್ಪಿನ ಸಂದಿನಿಂದ ಮಾಂಸ ಹೊರಚಾಚತೊಡಗುತ್ತದೆ. ಮೂಳೆಯಿಲ್ಲದ ಮಾಂಸದ ತುಂಡುಗಳನ್ನೇ ಹಾಕಿದರಂತೂ ರಂಜಕ ಹೆಚ್ಚಿ, ಸುಣ್ಣದ ಅಂಶ ಸಾಲದೆ ಚಿಪ್ಪು ಮೆತ್ತಗಾಗುತ್ತದೆ. ಎಲ್ಲಕ್ಕಿಂತ ಮರುಕ ಹುಟ್ಟಿಸುವುದು ಕಣ್ಣಿನ ರೋಗ. 'ಎ' ಜೀವಸತ್ವ ಸಾಲದೆ ಹೋದಾಗ ರೆಪ್ಪೆಗಳು ಊದಿಕೊಂಡು ಮುಚ್ಚಿಬಿಡುತ್ತವೆ. ಕಣ್ಣಿನಿಂದಲೇ ಆಹಾರವನ್ನು ಹುಡುಕುವ ಪ್ರಾಣಿ ಅದು; ಕಾಣದಿದ್ದ ಮೇಲೆ ಉಣ್ಣುವುದಿಲ್ಲ, ಉಣ್ಣದಿದ್ದ ಮೇಲೆ ಕಣ್ಣು ತೆರೆಯುವುದಿಲ್ಲ. ಮನೆಯವರು 'ನಿದ್ದೆ ಮಾಡುತ್ತಿದೆ' ಎಂದು ಭಾವಿಸಿ ಸುಮ್ಮನಿರುತ್ತಾರೆ. ಈ ಸ್ಥಿತಿಗೆ ಬಂದ ಆಮೆಯನ್ನು ಪಶುವೈದ್ಯರಿಗೆ ತೋರಿಸಲೇಬೇಕು. 'ಎ' ಜೀವಸತ್ವದ ಔಷಧವನ್ನು ತಾವೇ ಹಾಕಲು ಹೋಗಬಾರದು, ಅತಿಯಾದರೆ ಅದೂ ವಿಷವೇ.

ಈಗ ಸೊಪ್ಪಿನ ಬುಟ್ಟಿಗೆ ಬರೋಣ. ಮನುಷ್ಯರಿಗೆ ಹಿತವಾದುದೆಲ್ಲ ಆಮೆಗೂ ಹಿತವೆಂದಲ್ಲ. ಪಾಲಕ್ ಸೊಪ್ಪು ಕಣ್ಣಿಗೆ ಹಸಿರಾಗಿ ಕಂಡರೂ ಅದರಲ್ಲಿರುವ ಆಕ್ಸಲಿಕ್ ಆಮ್ಲ ಸುಣ್ಣದ ಅಂಶವನ್ನು ಬಿಗಿಹಿಡಿದು, ಚಿಪ್ಪಿಗೆ ದಕ್ಕದಂತೆ ಮಾಡುತ್ತದೆ. ದಂಟು, ಹರಿವೆ, ಬಸಳೆಗಳಲ್ಲಿಯೂ ಈ ದೋಷವುಂಟು. ಅಪರೂಪಕ್ಕೆ ನಾಲ್ಕು ಎಲೆ ಹಾಕಿದರೆ ಹಾನಿಯಿಲ್ಲ, ನಿತ್ಯದ ಊಟಕ್ಕೆ ಸಲ್ಲವು. ಎಲೆಕೋಸು, ಹೂಕೋಸುಗಳು ಅತಿಯಾದರೆ ಗಂಟಲಿನ ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಬರುತ್ತವೆ. ಸೌತೆಕಾಯಿಯನ್ನು ಆಮೆ ಆಸೆಯಿಂದ ಕಚ್ಚುವುದು ನಿಜ. ಆದರೆ ಅದು ಬಹುಪಾಲು ನೀರು. ನುಗ್ಗೆಸೊಪ್ಪಿನ ಮಾತು ಬೇರೆ. ಸುಣ್ಣದ ಅಂಶವೂ ಕ್ಯಾರೊಟೀನೂ ಅದರಲ್ಲಿ ಧಾರಾಳವಾಗಿವೆ, ಎಲೆಯೂ ಚಿಕ್ಕದು. ಮೆಂತ್ಯ, ಕೊತ್ತಂಬರಿಗಳನ್ನು ಆಗಾಗ ಸೇರಿಸಬಹುದು. ಕ್ಯಾರೆಟ್ಟನ್ನೋ ಸಿಹಿಗುಂಬಳವನ್ನೋ ತುರಿದು ಚಿಟಿಕೆಯಷ್ಟು ಹಾಕಿದರೆ ಕಣ್ಣಿಗೆ ಕ್ಷೇಮ. ರೇಷ್ಮೆಹುಳುವಿಗೆಂದು ನಮ್ಮ ರೈತರು ಬೆಳೆಯುವ ಹಿಪ್ಪುನೇರಳೆಯ ಎಲೆ ಸಿಕ್ಕಿದರಂತೂ ಆಮೆಯ ಭಾಗ್ಯವೆನ್ನಬೇಕು.

ಇವೆಲ್ಲಕ್ಕಿಂತ ಸುಲಭವಾಗಿ ದೊರಕುವುದು ಹಿತ್ತಿಲಿನ ದಾಸವಾಳ. ಅದರ ಎಲೆಯನ್ನೂ ಹೂವನ್ನೂ ಆಮೆ ತಿನ್ನುತ್ತದೆ. ಬಣ್ಣಗಳನ್ನು ಚೆನ್ನಾಗಿ ಗುರುತಿಸಬಲ್ಲ ಪ್ರಾಣಿಯಾದುದರಿಂದ ನೀರಿನ ಮೇಲೆ ತೇಲುವ ಕೆಂಪು ಎಸಳಿನತ್ತ ಅದರ ಗಮನ ಬೇಗ ಹರಿಯುತ್ತದೆ. ಗಿಡಕ್ಕೆ ಔಷಧ ಸಿಂಪಡಿಸಿರಬಾರದು, ಅಷ್ಟೆ. ಪೂಜೆಯ ಹೂವಿಗೆ ಕೊರತೆಯಾಯಿತೆಂದು ಅಜ್ಜಿಯರು ಆಕ್ಷೇಪಿಸಿದರೆ, ಕೂರ್ಮಾವತಾರದ ನೆನಪು ಮಾಡಿಕೊಡಬಹುದು!

ನೀರಿನಲ್ಲೇ ಬೆಳೆಯುವ ಅಜೋಲ್ಲ, ಎಳ್ಳಿನಷ್ಟೇ ಪುಟ್ಟ ಎಲೆಯ ಡಕ್‌ವೀಡ್ ಇವು ಆಮೆಯ ಸಹಜ ಆಹಾರಕ್ಕೆ ಅತ್ಯಂತ ಹತ್ತಿರವಾದವು. ಅಜೋಲ್ಲವನ್ನು ಹಸುಗಳ ಮೇವಿಗಾಗಿ ನಮ್ಮ ಹಳ್ಳಿಗಳಲ್ಲಿ ತೊಟ್ಟಿ ಕಟ್ಟಿ ಬೆಳೆಸುವುದುಂಟು. ಹಿಡಿಯಷ್ಟು ತಂದು ಮಹಡಿಯ ಮೇಲೆ ಅಗಲವಾದ ಪಾತ್ರೆಯಲ್ಲಿ ಬಿಟ್ಟರೆ ತಾನಾಗಿ ಹಬ್ಬುತ್ತದೆ. ನಗರದ ಕೆರೆಗಳಿಂದ ಮಾತ್ರ ಏನನ್ನೂ ಕಿತ್ತು ತರಬಾರದು. ಕೊಳಚೆ ನೀರಿನ ಸೀಸ ಮೊದಲಾದ ಲೋಹಗಳನ್ನು ಅಲ್ಲಿನ ಸಸ್ಯಗಳು ಹೀರಿಕೊಂಡಿರುತ್ತವೆ. ಕೆಸುವಿನ ಎಲೆ, ಕಿಟಕಿಯ ಬಳಿಯ ಮನಿಪ್ಲಾಂಟ್ ಇವುಗಳಲ್ಲಿ ಬಾಯಿಗೆ ಚುಚ್ಚುವ ಸೂಕ್ಷ್ಮವಾದ ಸೂಜಿಹರಳುಗಳಿವೆ. ಕೆಸುವನ್ನು ಬೇಯಿಸಿ ಹುಣಿಸೆಹುಳಿ ಹಿಂಡಿ ನಾವು ಉಣ್ಣುತ್ತೇವೆ. ಆಮೆಗೆ ಆ ಅನುಕೂಲವಿಲ್ಲ.

ಆಮೆಯ ಊಟವನ್ನು ಶ್ರದ್ಧೆಯಿಂದ ಗಮನಿಸಿದವರಲ್ಲಿ ಇಂಗ್ಲೆಂಡಿನ ಸೆಲ್ಬೋರ್ನ್ ಗ್ರಾಮದ ಪಾದ್ರಿ ಗಿಲ್ಬರ್ಟ್ ವೈಟ್ ಪ್ರಸಿದ್ಧ. ಸೋದರತ್ತೆಯ ತೋಟದಲ್ಲಿದ್ದ 'ಟಿಮೊಥಿ' ಎಂಬ ನೆಲದಾಮೆಯನ್ನು ಆಕೆ ತೀರಿಕೊಂಡ ಬಳಿಕ 1780ರಲ್ಲಿ ಆತ ತನ್ನ ಮನೆಗೆ ತಂದ. ಹಾಲಿನಂಥ ರಸ ಒಸರುವ ಲೆಟ್ಯೂಸ್, ಡ್ಯಾಂಡೆಲಿಯನ್ ಮುಂತಾದ ಗಿಡಗಳೆಂದರೆ ಅದಕ್ಕೆ ಬಹು ಪ್ರೀತಿಯೆಂದು ಬರೆದಿದ್ದಾನೆ. ಅದು ಹೆಣ್ಣೆಂಬುದು ಮಾತ್ರ ಸತ್ತ ಮೇಲಷ್ಟೇ ತಿಳಿಯಿತು. ಟಿಮೊಥಿ ಉಂಡದ್ದು ನೆಲದ ಮೇಲೆ. ನಮ್ಮ ಅತಿಥಿಯಾದರೋ ನೀರಿನೊಳಗಲ್ಲದೆ ತುತ್ತು ನುಂಗಲಾರದು. ಆದುದರಿಂದ ಸೊಪ್ಪನ್ನು ತಟ್ಟೆಯಲ್ಲಿಡದೆ ನೀರಿನ ಮೇಲೆ ತೇಲಿಬಿಡಬೇಕು.

ತಿಂದ ಸುಣ್ಣ ಮೈಗೆ ಹತ್ತಬೇಕಾದರೆ ಬಿಸಿಲು ಬೇಕು. ಸೂರ್ಯನ ನೇರಳಾತೀತ ಕಿರಣ ಚರ್ಮಕ್ಕೆ ತಾಕಿದರೆ 'ಡಿ' ಜೀವಸತ್ವ ಹುಟ್ಟುತ್ತದೆ. ಕಿಟಕಿಯ ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ಬೆಳಗಿನ ಎಳೆಬಿಸಿಲಿನಲ್ಲಿ, ಪಕ್ಕದಲ್ಲಿ ನೆರಳಿರುವ ಕಡೆ, ಏರಿ ಕೂರಲು ಒಣ ಕಲ್ಲಿರುವ ತೊಟ್ಟಿಯಲ್ಲಿಡುವುದು ಮೇಲು. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಸಮುದ್ರನೊರೆಯ ತುಂಡೊಂದನ್ನು ನೀರಿನಲ್ಲಿ ಬಿಟ್ಟರೆ, ಬೇಕಾದಾಗ ಅದನ್ನು ಕೆರೆದು ತಿನ್ನುತ್ತದೆ.

ಗುಳಿಗೆಯ ರುಚಿಗೆ ಒಗ್ಗಿದ ಆಮೆ ಮೊದಲ ದಿನವೇ ಸೊಪ್ಪಿಗೆ ಬಾಯಿ ಹಾಕದು. ನಮ್ಮ ಮಕ್ಕಳಾದರೂ ಹಾಗೆಲ್ಲಿ ಹಾಕುತ್ತಾರೆ? ಮರಿಗೆ ದಿನವೂ ಗುಳಿಗೆ ಬೇಕು. ಬೆಳೆದ ಆಮೆಗೆ ದಿನ ಬಿಟ್ಟು ದಿನ, ಅದರ ತಲೆಯ ಗಾತ್ರದಷ್ಟು ಕೊಟ್ಟರೆ ಸಾಕು. ನಡುವಿನ ದಿನ ಸೊಪ್ಪು ಮಾತ್ರ ತೇಲುತ್ತಿರಲಿ. ಆರೋಗ್ಯವಾಗಿರುವ ದೊಡ್ಡ ಆಮೆ ಎರಡು ದಿನ ಉಪವಾಸವಿದ್ದರೆ ಅಪಾಯವಿಲ್ಲ; ಕನಿಕರದಿಂದ ಕೈ ಡಬ್ಬಿಯತ್ತ ಹೋಗದಿರಲಿ. ಎರೆಹುಳುವಿನ ತುಂಡನ್ನು ಎಲೆಯಲ್ಲಿ ಸುತ್ತಿ ಕೊಡುವ ಉಪಾಯವೂ ಫಲಿಸುತ್ತದೆ. ನೀರು ತಣ್ಣಗಿದ್ದರೆ ಮಾತ್ರ ಯಾವ ಉಪಾಯವೂ ನಡೆಯದು. 24 ಡಿಗ್ರಿಗಿಂತ ಕೆಳಗಿಳಿದಂತೆ ಅದರ ಹಸಿವೆಯೂ ಇಳಿಯುತ್ತದೆ.

ಸೊಪ್ಪು ಕೊಳೆತರೆ ನೀರು ನಾರುವುದು ಸಹಜ. ಉಳಿದ ಎಲೆಯನ್ನು ಸಂಜೆಯೊಳಗೆ ತೆಗೆದು, ನೀರು ಬದಲಿಸಿ, ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಆಮೆಗಳ ಮೈಮೇಲೆ ಸಾಲ್ಮೊನೆಲ್ಲ ಎಂಬ ರೋಗಾಣು ಇರುವುದುಂಟು. ಎಳೆಯ ಮಕ್ಕಳಿಗೆ ಅದು ತಗಲುತ್ತಿದ್ದುದರಿಂದಲೇ ಅಮೆರಿಕದಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದರು. ಈ ನಿತ್ಯದ ಚಾಕರಿಗೆ ಬೇಸತ್ತವರು ಒಂದು ಸಂಜೆ ಆಮೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಕೆರೆಗೆ ಬಿಟ್ಟು, ಪುಣ್ಯದ ಕೆಲಸವಾಯಿತೆಂದು ಮನೆಗೆ ಮರಳುತ್ತಾರೆ. ಕೆರೆಗೆ ಬಿದ್ದ ಈ ಪರದೇಶಿ ನಮ್ಮ ಆಮೆಗಳ ಬಿಸಿಲುಗಲ್ಲನ್ನೂ ಆಹಾರವನ್ನೂ ಕಸಿದುಕೊಳ್ಳುತ್ತದೆ. ಜಗತ್ತಿನ ನೂರು ಅತಿ ಉಪದ್ರವಕಾರಿ ವಲಸೆಜೀವಿಗಳ ಪಟ್ಟಿಯಲ್ಲಿ ಇದರ ಹೆಸರೂ ಸೇರಿದೆ. ಸಾಕಲಾಗದವರು ಸಾಕಬಲ್ಲ ಮತ್ತೊಂದು ಮನೆಯನ್ನೋ ಪ್ರಾಣಿದಯಾ ಸಂಸ್ಥೆಯನ್ನೋ ವಿಚಾರಿಸಿ ಒಪ್ಪಿಸಲಿ; ಜೊತೆಗೆ ಅದು ಯಾವ ಸೊಪ್ಪಿಗೆ ಒಗ್ಗಿದೆಯೆಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಕೊಡಲಿ.